ಆಯಿ ಹೊಲಿದ ಕೌದಿ

ನಮ್ಮ ಕಡೆ ದಸರೆ ಹತ್ತಿರ ಬಂತೆಂದರೆ ದೇವಿಗಿಂತ ಮೊದಲು ಮನೆಗೆ ಬಂದು ಕೂಡುವುದು ಧೂಳು. ಅಟ್ಟದ ಮೇಲಿನ ಸಾಮಾನು ಅಂಗಳಕ್ಕೆ ಇಳಿಯುತ್ತದೆ, ಅಂಗಳದ ಸಾಮಾನು ಅಟ್ಟಕ್ಕೆ ಏರುತ್ತದೆ. ಮನೆಯಲ್ಲಿದ್ದ ಹಾಸಿಗೆ ಹೊದಿಕೆಗಳೆಲ್ಲ ಒಗೆಯುವ ಕಲ್ಲಿನ ಕಡೆಗೆ ಮೆರವಣಿಗೆ ಹೊರಡುತ್ತವೆ. ಆ ನಾಲ್ಕೈದು ದಿನ ಮನೆಯ ಯಜಮಾನನೆನಿಸಿಕೊಂಡವನ ಬೆಲೆ ಮುರುಕು ಕುರ್ಚಿಯ ಬೆಲೆಗಿಂತ ಹೆಚ್ಚಿನದೇನೂ ಅಲ್ಲ. ಎಲ್ಲಿ ಕೂತರೂ ಅಡ್ಡಿ, ಎಲ್ಲಿ ನಿಂತರೂ ತೊಡಕು. ಹುಮನಾಬಾದಿನ ಕಾಲೇಜಿನಲ್ಲಿ ಹರೆಯದ ಹುಡುಗರನ್ನು ಗಂಟೆಗಟ್ಟಲೆ ಸುಮ್ಮನೆ ಕೂಡಿಸಿ ಪಂಪ ರನ್ನರ ಪಾಠ ಹೇಳುವ ನಾನು, ನನ್ನ ಮನೆಯಲ್ಲಿ ಒಂದು ಪೊರಕೆಯ ಎದುರು ಮಾತಿಲ್ಲದೆ ಕಾಲು ಎತ್ತಿಕೊಂಡು ಕೂಡುತ್ತೇನೆ.

ಹೋದ ವರ್ಷ ಹೀಗೆಯೇ ಕಾಲು ಎತ್ತಿಕೊಂಡು ಕೂತಿದ್ದಾಗ ನನ್ನಾಕೆ ತಗಡಿನ ಟ್ರಂಕಿನ ತಳದಿಂದ ಒಂದು ಕೌದಿಯನ್ನು ಹೊರಗೆಳೆದಳು.

“ಇದೊಂದು ಈ ಸಲ ಯಾರಿಗರೆ ಕೊಟ್ಟು ಬಿಡೋಣು. ಮೂಲಿ ಹರದದ. ಒಗದ್ರ ಎತ್ತಲಿಕ್ಕ ಬರಂಗಿಲ್ಲ, ಅಷ್ಟು ವಜ್ಜ ಆಗ್ತದ.”

ಮಗ ಅದಕ್ಕೆ ದನಿಗೂಡಿಸಿದ. ಈಗ ಹತ್ತಿಗಿಂತ ಹಗುರಾದ, ತೊಳೆದ ಗಂಟೆಯೊಳಗೆ ಒಣಗುವ ಹೊದಿಕೆಗಳು ಮನೆಯ ಬಾಗಿಲಿಗೇ ಬರುತ್ತವಂತೆ. ಬೆರಳೊತ್ತಿದರಾಯಿತಂತೆ. ನಾನು ಹೂಂ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದ ನಮ್ಮವ್ವ ತಲೆ ಎತ್ತದೆ ಹೇಳಿದಳು: “ಅದು ಆಯಿ ಹೊಲದದ್ದು. ಇರ್ಲಿ.”

ಅಷ್ಟೇ ಮಾತು. ಬತ್ತಿ ಹೊಸೆಯುವುದು ಮುಂದುವರಿಯಿತು. ಆದರೆ ಆ ಒಂದು ಮಾತಿಗೆ ನನ್ನೊಳಗೆ ಮೂವತ್ತೈದು ವರ್ಷದ ಹಿಂದಿನ ಟ್ರಂಕೊಂದರ ಮುಚ್ಚಳ ತೆರೆದುಕೊಂಡಿತು.

ಕೌದಿಯನ್ನು ಕಾಣದ ಓದುಗರು ಉತ್ತರ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ದಕ್ಷಿಣದವರಿಗಾಗಿ ಎರಡು ಮಾತು ಹೇಳುತ್ತೇನೆ. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಕುಪ್ಪಸದ ತುಂಡು, ಹಿಟ್ಟಿನ ಚೀಲ, ಇವೆಲ್ಲ ಒಂದು ಮನೆಯಲ್ಲಿ ಬಾಳಿ ಬದುಕಿ ಕೆಲಸಕ್ಕೆ ಬಾರದೆ ಹೋದ ಮೇಲೆ ಮತ್ತೆ ಒಂದುಗೂಡಿದರೆ ಕೌದಿಯಾಗುತ್ತದೆ. ಒಳಗೆ ನಾಲ್ಕಾರು ಪದರ ಹಳೆಯ ಬಟ್ಟೆ. ಮೇಲೆ ಬಣ್ಣಬಣ್ಣದ ತುಂಡುಗಳು. ಅಂಚಿನಿಂದ ಹಿಡಿದು ನಡುವಿನತನಕ ಸಾಲು ಸಾಲಾಗಿ ಸೂಜಿಯ ಟಾಕು. ಬೀದರ ಸೀಮೆಯ ಚಳಿಯನ್ನು ಬಲ್ಲವರಿಗೆ ಇದರ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಪುಷ್ಯ ಮಾಸದಲ್ಲಿ ವೀರಭದ್ರೇಶ್ವರನ ಜಾತ್ರೆಯ ಹೊತ್ತಿಗೆ ಹುಮನಾಬಾದಿನ ಚಳಿ ಎಲುಬಿನೊಳಗೆ ಇಳಿಯುತ್ತದೆ. ಆಗ ಮೈಮೇಲೆ ಬಿದ್ದ ಕೌದಿಯ ಭಾರವೇ ಒಂದು ಧೈರ್ಯ. ಬೇಸಿಗೆಯಲ್ಲಿ ಅದೇ ಕೌದಿ ಮಾಳಿಗೆಯ ಮೇಲೆ ಹಾಸಿಗೆಯಾಗುತ್ತದೆ. ಸತ್ತ ಅಜ್ಜನ ಧೋತರ, ಮದುವೆಯಾಗಿ ಹೋದ ಅತ್ತೆಯ ಸೀರೆ, ಇನ್ನೂ ಶಾಲೆಗೆ ಹೋಗದ ತಮ್ಮನ ಚಡ್ಡಿ, ಎಲ್ಲವುಗಳ ಮೇಲೆ ಅಂಗಾತ ಮಲಗಿ ನಾವು ಚುಕ್ಕೆ ಎಣಿಸಿದವರು.

ನಮ್ಮ ಮನೆಯ ಕೌದಿಗಳನ್ನು ಹೊಲಿಯುತ್ತಿದ್ದವಳು ಎರಡು ಹರದಾರಿ ದೂರದ ಒಂದು ಹಳ್ಳಿಯ ಮುದುಕಿ. ಆಕೆಯ ಹೆಸರು ನಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ಎಲ್ಲರಿಗೂ ಆಕೆ ಆಯಿ. ಸುಗ್ಗಿ ಮುಗಿದ ಮೇಲೆ ಬರುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ಕೂತು ಹಳೆಯ ಬಟ್ಟೆಯ ಗಂಟು ಬಿಚ್ಚಿ, ಯಾವ ತುಂಡಿನ ಪಕ್ಕಕ್ಕೆ ಯಾವ ತುಂಡು ಎಂದು ಹೊತ್ತುಗಟ್ಟಲೆ ಹೊಂದಿಸಿ ನೋಡುತ್ತಿದ್ದಳು. ಕಪ್ಪಂಚಿನ ಇಳಕಲ್ ಸೀರೆಯ ಪಕ್ಕಕ್ಕೆ ಹಳದಿಯ ಚೂರು, ಅದರ ಪಕ್ಕಕ್ಕೆ ಮಾಸಿದ ಬಿಳಿ. “ಹಿಂಗ್ಯಾಕ ಇಡ್ತಿ ಆಯಿ?” ಎಂದು ಕೇಳಿದರೆ, “ಕಪ್ಪು ಇದ್ರೇ ಹಳದಿ ನಗ್ತದಪ್ಪಾ” ಎನ್ನುತ್ತಿದ್ದಳು. ಮುಂದೆ ನಾನು ಅಲಂಕಾರಶಾಸ್ತ್ರವನ್ನು ಓದಿದೆ. ವಿರೋಧದಿಂದ ಶೋಭೆ ಹೆಚ್ಚುವ ವಿಚಾರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ಅಲ್ಲಿ ಸಿಕ್ಕಲಿಲ್ಲ.

ಕೌದಿ ಮುಗಿಯುತ್ತ ಬಂದಾಗ ಆಯಿ ಒಂದು ತುಣುಕು ಜೋಳದ ರೊಟ್ಟಿ ಕೇಳುತ್ತಿದ್ದಳು. ತಿನ್ನುವುದಕ್ಕಲ್ಲ. ಕೊನೆಯ ಮೂಲೆಯೊಳಗೆ ಅದನ್ನು ಇಟ್ಟು ಹೊಲಿದು ಬಿಡುತ್ತಿದ್ದಳು. “ಕೌದಿಗೂ ಹೊಟ್ಟಿ ಅದ. ಖಾಲಿ ಹೊಟ್ಟಿಲೆ ಮಂದೀನ್ನ ಹೆಂಗ ಬೆಚ್ಚಗ ಇಟ್ಟೀತು?” ಆ ರೊಟ್ಟಿಗೆ ಆಮೇಲೆ ಇರುವೆ ಮುತ್ತಿ ನಮ್ಮ ಕಿವಿ ಕಚ್ಚಿದ್ದುಂಟು, ಅದು ಬೇರೆ ಮಾತು.

ನಮ್ಮ ಮನೆಯ ರೊಟ್ಟಿ ಕೌದಿಯ ಹೊಟ್ಟೆಗೆ ಹೋಗುತ್ತಿತ್ತು. ಆದರೆ ಆಯಿಗೆ ನೀರಡಿಸಿದರೆ? ಆಕೆ ಕಟ್ಟೆಯ ಅಂಚಿಗೆ ಬಂದು ಬೊಗಸೆ ಒಡ್ಡಬೇಕು. ನಾವು ಮೇಲಿನಿಂದ ನೀರು ಹೊಯ್ಯಬೇಕು. ಹೊಸಿಲ ಒಳಗೆ ಗೋಡೆಯ ಮೇಲೆ ಬಸವಣ್ಣನವರ ಪಟವಿತ್ತು. ದಿನಾ ಅದಕ್ಕೆ ವಿಭೂತಿ ಹಚ್ಚಿ ಹೂವೇರಿಸುತ್ತಿದ್ದ ಅಜ್ಜಿಯೇ ಈ ನಿಯಮವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು.

ಒಂದು ದಿನ, ನನಗೆ ಎಂಟೋ ಒಂಬತ್ತೋ ವರ್ಷ, ಮನೆಯಲ್ಲಿ ದೊಡ್ಡವರಾರೂ ಇರಲಿಲ್ಲ. ಆಯಿ ನೀರು ಕೇಳಿದಳು. ನಾನು ಹಿತ್ತಾಳೆಯ ತಂಬಿಗೆ ತುಂಬಿ ತಂದು ಆಕೆಯ ಕೈಗೇ ಕೊಟ್ಟುಬಿಟ್ಟೆ. ಕ್ರಾಂತಿ ಮಾಡಬೇಕೆಂದಲ್ಲ, ಆಟಕ್ಕೆ ಓಡುವ ಅವಸರ ಇತ್ತು. ಆಯಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು; ಕುಡಿದಳು. ಆ ಹೊತ್ತಿಗೆ ಅಜ್ಜಿ ಬಂದಳು. ಬೈಗುಳ ಬಿದ್ದದ್ದು ನನಗಲ್ಲ, ಆಯಿಗೆ. “ಕೂಸಿಗೆ ತಿಳಿಯಂಗಿಲ್ಲ, ನಿನಗರೆ ತಿಳಿಬಾರ್ದೇನು?” ತಂಬಿಗೆಯನ್ನು ಹುಣಸೆಹಣ್ಣು ಬೂದಿ ಹಾಕಿ ಮೂರು ಸಲ ತಿಕ್ಕಿ ಒಲೆಯ ಬೆಂಕಿಗೆ ಹಿಡಿದರು. ಆಯಿ ಮಾತಾಡಲಿಲ್ಲ, ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮರುದಿನ ಆಕೆ ಮತ್ತೆ ನೀರು ಕೇಳಿದಳು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನಾನು ಮೇಲಿನಿಂದ ಹೊಯ್ದೆ. ಆಯಿ ಬೊಗಸೆಯೊಡ್ಡಿ ಕುಡಿದಳು. ಈ ಸಲ ನನ್ನ ಮುಖ ನೋಡಲಿಲ್ಲ.

ಮೊದಲನೆಯ ದಿನದ್ದು ತಿಳಿಯದೆ ಮಾಡಿದ ಒಳ್ಳೆಯದು. ಎರಡನೆಯ ದಿನದ್ದು ತಿಳಿದು ಮಾಡಿದ ಕೆಟ್ಟದ್ದು. ತಿಳಿದು ಮಾಡಿದ್ದೇ ನಮ್ಮ ಲೆಕ್ಕಕ್ಕೆ ಬರುವಂಥದು.

ಇದೆಲ್ಲ ಮರೆತೇಹೋಗಿತ್ತೆಂದು ನಾನು ತಿಳಿದಿದ್ದೆ. ಅದು ಮೊದಲ ಸಲ ಕದಲಿದ್ದು ಕೆಲವು ವರ್ಷಗಳ ಹಿಂದೆ, ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದುಕೊಂಡು ಉತ್ತರ ಕನ್ನಡಕ್ಕೆ ಹೋದಾಗ. ಹಳಿಯಾಳದಿಂದ ಯಲ್ಲಾಪುರದ ಕಡೆಗೆ ಹೋಗುವ ಕಾಡುದಾರಿಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಪಕ್ಕದಲ್ಲೊಂದು ಸಿದ್ದಿಗಳ ಕೇರಿ. ಗುಂಗುರುಗೂದಲಿನ ಮಕ್ಕಳು ಆಡುತ್ತಿದ್ದವು. ಅಂಗಳದ ಬೇಲಿಯ ಮೇಲೆ ಹರವಿದ್ದ ಕೌದಿಯೊಂದು ನನ್ನ ಕಣ್ಣಿಗೆ ಬಿತ್ತು. ಬಯಲುಸೀಮೆಯಲ್ಲಿ ಬಿಟ್ಟುಬಂದ ನಮ್ಮ ಮನೆಯೇ ಕಾಡಿನೊಳಗೆ ಎದುರಾದ ಹಾಗಾಯಿತು.

ನಾನು ಕೌದಿ ನೋಡುತ್ತಿದ್ದರೆ ನನ್ನ ಹುಡುಗರು ಮನುಷ್ಯರನ್ನು ನೋಡುತ್ತಿದ್ದರು. ಅವರಲ್ಲೊಬ್ಬ ಆ ಮನೆಯ ಮುದುಕಿಯನ್ನು, “ನೀವು ಯಾವ ದೇಶದವರು?” ಎಂದು ಕೇಳಿಯೇಬಿಟ್ಟ. ಆಕೆ ಚೊಕ್ಕ ಕನ್ನಡದಲ್ಲಿ ಉತ್ತರಿಸಿದಳು: “ನಾವು ಇಲ್ಲಿಯವರೇ. ನೀವು ಎಲ್ಲಿಂದ ಬಂದವರು?” ಹುಡುಗ ತಲೆ ತಗ್ಗಿಸಿದ. ನಿಜಕ್ಕೂ ಆ ಕಾಡಿಗೆ ಹೊರಗಿನವರೆಂದರೆ ನಾವೇ ತಾನೆ?

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ದೇವರು ಬೇರೆಯಾದರೂ ಕೌದಿ ಒಂದೇ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ; ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಶತಮಾನಗಳ ಕಾಲ ಈ ನೆಲದಲ್ಲಿ ದುಡಿದವರು ಸದನದ ಮೆಟ್ಟಿಲು ಹತ್ತಲು ಅಷ್ಟು ಹೊತ್ತು ಬೇಕಾಯಿತು!

ಆ ಮುದುಕಿ ಕೌದಿಯ ಮೂಲೆಯನ್ನು ಹಿಡಿದು ತೋರಿಸಿದಳು. ನಾಲ್ಕೂ ಮೂಲೆಗೆ ಬಟ್ಟೆಯ ಚೂರುಗಳನ್ನು ಮಡಿಸಿ ಮಡಿಸಿ ಪದರು ಪದರಾಗಿ ಹೊಲಿದ ತ್ರಿಕೋನದ ಹೂವು. ‘ಫುಲಾ’ ಎನ್ನುತ್ತಾರಂತೆ. ಅದಿಲ್ಲದಿದ್ದರೆ ಕೌದಿ ಬತ್ತಲೆಯಾಗಿದ್ದ ಹಾಗಂತೆ. ನಮ್ಮ ಆಯಿ ಮೂಲೆಯಲ್ಲಿ ರೊಟ್ಟಿಯಿಟ್ಟಳು, ಈಕೆ ಹೂವಿಟ್ಟಳು. ಒಬ್ಬಳಿಗೆ ಕೌದಿಯ ಹಸಿವು ಕಂಡಿತು, ಇನ್ನೊಬ್ಬಳಿಗೆ ಅದರ ಮಾನ ಕಂಡಿತು. ಬಡವರ ಮನೆಯಲ್ಲಿ ಕಾಪಾಡಿಕೊಳ್ಳಬೇಕಾದವು ಈ ಎರಡೇ ಅಲ್ಲವೆ?

ಊರಿಗೆ ಬಂದ ಮೇಲೆ ಈ ಕೌದಿಯ ಬೆನ್ನು ಹತ್ತಿ ಸಿಕ್ಕಿದ್ದನ್ನೆಲ್ಲ ಓದಿದೆ. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಸಿದ್ದಿ ಹೆಂಗಸರ ಕೌದಿಗಳನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಯಲ್ಲಾಪುರದ ಬೇಲಿಯ ಮೇಲೆ ಒಣಗುವ ಕೌದಿ ಹಾರ್ಲೆಮ್‌ನ ಗೋಡೆಯ ಮೇಲೆ! ಹಾರ್ಲೆಮ್ ಎಂದರೆ ಅಮೆರಿಕದ ಕರಿಯರ ಬಾಳಿನ, ಹಾಡಿನ, ಹೋರಾಟದ ಕೇರಿ. ಒಂದೇ ಖಂಡದಿಂದ ಕದ್ದೊಯ್ದ ಎರಡು ಕವಲಿನ ಮಕ್ಕಳು, ಒಬ್ಬರು ಪಶ್ಚಿಮದ ಕಡಲು ದಾಟಿದವರು, ಇನ್ನೊಬ್ಬರು ಪೂರ್ವದ ಕಡಲು ದಾಟಿದವರು, ಹರಿದ ಬಟ್ಟೆಯ ಮೂಲಕ ಒಬ್ಬರನ್ನೊಬ್ಬರು ಗುರುತು ಹಿಡಿದ ಹಾಗೆ.

ಏಕೆಂದರೆ ಅಲ್ಲಿಯೂ ಕೌದಿಯುಂಟು. ಅಲಬಾಮ ಸಂಸ್ಥಾನದಲ್ಲಿ ನದಿಯೊಂದು ಬಳಸಿ ಹರಿಯುವ ಕಡೆ ಜೀಸ್ ಬೆಂಡ್ ಎಂಬ ಊರಿದೆ. ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರ ಮೊಮ್ಮಕ್ಕಳು ಮರಿಮಕ್ಕಳು ಅಲ್ಲಿರುವವರು. ಬೆವರು ಹೀರಿ ಮಾಸಿದ ಹೊಲದ ಕೆಲಸದ ಬಟ್ಟೆಗಳಿಂದಲೇ ಅಲ್ಲಿನ ಹೆಂಗಸರು ಕೌದಿ ಹೊಲಿದರು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ ಅವನು ಹೊಲದಲ್ಲಿ ತೊಡುತ್ತಿದ್ದ ಅಂಗಿ ಷರಾಯಿಗಳನ್ನೆಲ್ಲ ಕತ್ತರಿಸಿ ಒಂದು ಕೌದಿ ಮಾಡಿದಳು. ಅದನ್ನು ಹೊದೆದು ಮಲಗಿದರೆ ಅವನ ಪ್ರೀತಿಯನ್ನೇ ಹೊದೆದಂತೆ ಎಂದು. ಇದನ್ನು ಓದಿದಾಗ, ನಮ್ಮ ಅಜ್ಜನ ಧೋತರ ನೆನಪಾಗಿ ನನಗೆ ಪುಸ್ತಕ ಮುಚ್ಚಿಡಬೇಕಾಯಿತು.

ಆ ಊರಿನವರು ಮತದಾರರ ಪಟ್ಟಿಗೆ ಹೆಸರು ಹಚ್ಚಬೇಕಾದರೆ ನದಿ ದಾಟಿ ಕ್ಯಾಮ್ಡನ್ ಪಟ್ಟಣಕ್ಕೆ ಹೋಗಬೇಕಾಗಿತ್ತು. 1962ರಲ್ಲಿ ನದಿ ದಾಟಿಸುವ ದೋಣಿಯನ್ನೇ ನಿಲ್ಲಿಸಿಬಿಟ್ಟರು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದು ಅವರಿಗೆ ಧೈರ್ಯ ಹೇಳಿದರು. ಮರುವರ್ಷ, 1966ರಲ್ಲಿ, ಆ ಸೀಮೆಯ ಹೆಂಗಸರು ಕೌದಿ ಹೊಲಿದು ಮಾರುವ ಸಹಕಾರಿ ಸಂಘವೊಂದನ್ನು ಕಟ್ಟಿದರು. ಹೆಸರಿನಲ್ಲಿಯೇ ಸ್ವಾತಂತ್ರ್ಯವೆಂಬ ಮಾತನ್ನು ಸೇರಿಸಿಕೊಂಡರು. ಕೌದಿ ಮಾರಿದ ಹಣ ತಮ್ಮ ಕೈಯಲ್ಲಿದ್ದರೆ ಜಮೀನುದಾರನ ಕಣ್ಣು ನೋಡಿ ಬಾಳಬೇಕಾಗಿಲ್ಲವಷ್ಟೆ. ನಿಂತ ದೋಣಿ ಮತ್ತೆ ಹೊರಟದ್ದು 2006ರಲ್ಲಿ, ನಲವತ್ತನಾಲ್ಕು ವರ್ಷದ ಮೇಲೆ. ಅದೇ ವರ್ಷ ಅಮೆರಿಕದ ಸರಕಾರ ಆ ಕೌದಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು.

ಇನ್ನೊಬ್ಬಾಕೆಯ ಮಾತನ್ನೂ ಹೇಳಬೇಕು. ಫೇಯ್ತ್ ರಿಂಗ್‌ಗೋಲ್ಡ್. ಹಾರ್ಲೆಮ್‌ನಲ್ಲಿ 1930ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಚಿತ್ರಗಾರ್ತಿ. ತಾಯಿ ಬಟ್ಟೆ ಹೊಲಿಯುವುದರಲ್ಲಿ ನುರಿತವಳು. ಹಿಂದಿನ ತಲೆಮಾರಿನ ಅಜ್ಜಿಯೊಬ್ಬಳು ಗುಲಾಮಳಾಗಿದ್ದು ಒಡೆಯರಿಗೆ ಕೌದಿ ಹೊಲಿದವಳು. ರಿಂಗ್‌ಗೋಲ್ಡ್ ಬಣ್ಣ, ಬಟ್ಟೆ, ಬರವಣಿಗೆ ಈ ಮೂರನ್ನೂ ಒಂದೇ ಕೌದಿಯಲ್ಲಿ ಕೂಡಿಸಿದಳು. ನಡುವೆ ಚಿತ್ರ, ಸುತ್ತ ಚೂರುಬಟ್ಟೆಯ ಅಂಚು, ಮೇಲೆ ಕೆಳಗೆ ಕೈಯಲ್ಲಿ ಬರೆದ ಕತೆ. 1988ರಲ್ಲಿ ಆಕೆ ಮಾಡಿದ ಒಂದು ಕೌದಿಯಲ್ಲಿ ಬೇಸಿಗೆಯ ರಾತ್ರಿ ಹಾರ್ಲೆಮ್‌ನ ಮನೆಯೊಂದರ ಡಾಂಬರು ಹಚ್ಚಿದ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಹುಡುಗಿಯೊಬ್ಬಳು ಮಲಗಿದ್ದಾಳೆ. ದೊಡ್ಡವರು ಮೇಜಿನ ಸುತ್ತ ಕೂತು ಮಾತಾಡುತ್ತಿದ್ದಾರೆ. ಹುಡುಗಿ ಮಲಗಿದಲ್ಲಿಂದಲೇ ಹಾರಿ ನಗರದ ದೊಡ್ಡ ಸೇತುವೆಯ ಮೇಲೆ ತೇಲುತ್ತಾಳೆ. ಅದು ಇನ್ನು ತನ್ನದು ಎನ್ನುತ್ತಾಳೆ. ಆಕೆಯ ಅಪ್ಪ ಇಂಥ ಕಟ್ಟಡಗಳಿಗಾಗಿ ದುಡಿದವನು. ಬಣ್ಣದ ಕಾರಣದಿಂದ ಕೆಲಸಗಾರರ ಸಂಘಕ್ಕೆ ಮಾತ್ರ ಸೇರಿಸಿಕೊಂಡಿರಲಿಲ್ಲ. ಮಾಳಿಗೆಯ ಮೇಲೆ ಮಲಗಿ ಚುಕ್ಕೆ ಎಣಿಸಿದ ನನಗೆ ಆ ಹುಡುಗಿ ಅಪರಿಚಿತಳೆನಿಸಲಿಲ್ಲ. ಆದರೆ ನನಗೆ ಹಾರುವ ಅವಶ್ಯಕತೆ ಇರಲಿಲ್ಲ, ಅವಳಿಗಿತ್ತು.

ಈ ರಿಂಗ್‌ಗೋಲ್ಡ್ ಬರಿಯ ಸೂಜಿ ಹಿಡಿದು ಕೂತವಳಲ್ಲ. ಕರಿಯರಿಗೂ ಹೆಂಗಸರಿಗೂ ಕಲಾಶಾಲೆಗಳ ಬಾಗಿಲು ತೆರೆಯಿರೆಂದು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಪ್ರತಿಭಟಿಸಿದವರಲ್ಲಿ ಮುಂದಿನ ಸಾಲಿನವಳು. ಅದು 1970ರ ಮಾತು. 2002ರಲ್ಲಿ ಅದೇ ವಿಟ್ನಿಯ ಗೋಡೆಗಳ ಮೇಲೆ ಜೀಸ್ ಬೆಂಡಿನ ಹೆಂಗಸರ ಕೌದಿಗಳು ತೂಗಿದವು. ಬಾಗಿಲು ತಾನಾಗಿ ತೆರೆಯಲಿಲ್ಲ; ಮೂವತ್ತು ವರ್ಷ ತಟ್ಟಬೇಕಾಯಿತು.

ಅವರದು ಬಣ್ಣದ ಭೇದ, ನಮ್ಮದು ಜಾತಿಯ ಭೇದ. ಎರಡೂ ಒಂದೇ ಹೇಗಾದೀತು ಎಂದು ಕೇಳುವವರುಂಟು. ಒಂದೇ ಅಲ್ಲ, ನಿಜ. ಆದರೆ ನೋವನ್ನು ಉಂಡವರು ಪರಸ್ಪರ ಗುರುತು ಹಿಡಿದಿದ್ದಾರೆ. 1946ರಲ್ಲಿ ಡಾ. ಅಂಬೇಡ್ಕರರು ಅಮೆರಿಕದ ಕರಿಯರ ನಾಯಕ ಡು ಬೊಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಇರುವ ಹೋಲಿಕೆಯನ್ನು ಹೇಳಿದರು. 1959ರಲ್ಲಿ ಕಿಂಗ್ ನಮ್ಮ ದೇಶಕ್ಕೆ ಬಂದಾಗ ಕೇರಳದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯಿಸಿದ್ದು ಅಮೆರಿಕದಿಂದ ಬಂದ ಅಸ್ಪೃಶ್ಯರೊಬ್ಬರು ಎಂದು. ಕಿಂಗ್ ಅವರಿಗೆ ಮೊದಲು ಸಿಟ್ಟು ಬಂತಂತೆ. ಆಮೇಲೆ ವಿಚಾರ ಮಾಡಿ, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರಂತೆ.

ದೂರ ಹೋಗುವುದೇಕೆ? ನಮ್ಮ ಬೀದರಿನ ಪೂರ್ವಕ್ಕೆ ಹಬಶಿ ಕೋಟ ಎಂಬ ಗುಡ್ಡವಿದೆ. ಬಹಮನಿ ಕಾಲದ ಹಬಶಿ ಸರದಾರರ, ಎಂದರೆ ಆಫ್ರಿಕದಿಂದ ಬಂದವರ, ಗೋರಿಗಳು ಅಲ್ಲಿವೆ. ಅಂದು ಕರಿಯನೊಬ್ಬ ಇಲ್ಲಿ ಸರದಾರನಾಗಬಹುದಿತ್ತು. ಹೊಲದಲ್ಲಿ ದುಡಿಯುವ ಇಲ್ಲಿಯವನೇ ಊರ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಇನ್ನು ಬಸವಕಲ್ಯಾಣ ನಮಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಹರಳಯ್ಯನ ಗವಿಯಿದೆ. ಬಸವಣ್ಣನವರು ತನ್ನ ಒಂದು ಶರಣಿಗೆ ಪ್ರತಿಯಾಗಿ ಎರಡು ಶರಣು ಹೇಳಿದರೆಂದು, ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಹೊಲಿದು ತಂದರೆಂದು ಪರಂಪರೆ ಹೇಳುತ್ತದೆ. ಮುಂದೆ ಆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಯಿತು. ಹರಿದ ಎರಡು ಕುಲಗಳನ್ನು ಕೂಡಿಸಿ ಹೊಲಿದ ಆ ಒಂದು ಟಾಕಿಗಾಗಿ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು; ಕಲ್ಯಾಣವೇ ಚೆದುರಿತು. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ಒಮ್ಮೊಮ್ಮೆ ಕಣ್ಣು ತುಂಬಿ ಬರುವುದೂ ಉಂಟು. ಹುಡುಗರು ಮೆಚ್ಚುತ್ತಾರೆ. ಕಣ್ಣು ತುಂಬುವುದಕ್ಕೆ ಖರ್ಚೇನೂ ಇಲ್ಲವಷ್ಟೆ.

ಈ ವಿಚಾರಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಮೂಲೆ ಹರಿದ ಕೌದಿಯನ್ನು ಚೀಲದಲ್ಲಿ ತುಂಬಿಕೊಂಡು, ದಸರೆಯ ರಜೆಯಲ್ಲಿ ಒಂದು ದಿನ ಆಯಿಯ ಹಳ್ಳಿಗೆ ಹೋದೆ. ಆಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ಇದ್ದಳು. ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಬೆರಳಿನಿಂದ ಟಾಕು ಸವರಿದಳು.

“ಅತ್ತೀದೇ ಅದ್ರಿ ಇದು. ನೋಡ್ರಿ, ಹತ್ತು ಟಾಕಿಗೊಮ್ಮಿ ಹಿಂದ ಬರ್ತಾಳ. ಗಟ್ಟಿ ಇರ್ಲಿ ಅಂತ.”

ಮೂಲೆ ಸರಿಮಾಡಿ ಕೊಡುತ್ತೇನೆಂದಳು. ನನಗೆ ಕೂಡಲು ಮಂಚ ಕೊಟ್ಟಳು; ತಾನು ನೆಲದ ಮೇಲೆ ಕೂತಳು. ಚಹಾ ಕೊಟ್ಟಳು. ನಾನು ಕುಡಿದೆ. ಕುಡಿಯುವಾಗ, ನಾನೇನೋ ದೊಡ್ಡದನ್ನು ಮಾಡುತ್ತಿದ್ದೇನೆಂಬ ಭಾವ ಒಳಗೊಳಗೇ ಹಣಕಿತು. ಅದನ್ನು ಕಂಡು ನನಗೇ ನಾಚಿಕೆಯಾಯಿತು. ಆ ನಾಚಿಕೆಯ ಭರದಲ್ಲಿ ತಂಬಿಗೆಯ ಕತೆಯನ್ನೂ ಮರುದಿನದ ಕತೆಯನ್ನೂ ಹೇಳಿಬಿಟ್ಟೆ. ಆಕೆ ಸೂಜಿ ನಿಲ್ಲಿಸದೆ ಕೇಳಿದಳು.

“ಅವು ಹಳಿ ಮಾತು ಮಾಸ್ತರ್ರೆ. ಅತ್ತಿ ಹೋದ್ಳು, ನಿಮ್ಮ ಅಜ್ಜೀನೂ ಹೋದ್ಳು. ಬಿಡ್ರಿ.” ದಾರ ಕಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಂದು ಮಾತು ಕೇಳ್ಲೇನ್ರಿ?” ಎಂದಳು.

“ಕೇಳು ಅಕ್ಕಾ.”

“ನನ್ನ ಮಗಳು ನರ್ಸ್ ಕಲ್ತಾಳ. ಹುಮನಾಬಾದದಾಗೇ ನೌಕರಿ ಆಗ್ಯದ. ರಾತ್ರಿ ಪಾಳಿ ಇರ್ತದ, ದಿನಾ ಹೋಗಿ ಬರ್ಲಿಕ್ಕ ಆಗಂಗಿಲ್ಲ. ಖೋಲಿ ಹುಡಕ್ಲಿಕ್ಹತ್ತಿ ಎರಡು ತಿಂಗಳಾತು. ಖಾಲಿ ಅದ ಅಂತಾರ, ಬಾಡಗೀನೂ ಹೇಳ್ತಾರ. ಆಮ್ಯಾಲೆ ‘ನೀವು ಯಾವ ಮಂದಿ’ ಅಂತ ಕೇಳ್ತಾರ. ಹೇಳಿದ ಕೂಡ್ಲೆ, ನಿನ್ನೇನೇ ಯಾರೋ ಮುಂಗಡ ಕೊಟ್ಟು ಹೋದ್ರು ಅಂತಾರ. ನಿಮ್ಮ ಓಣ್ಯಾಗ ಎಲ್ಲೆರೆ ನೋಡ್ತೀರೇನ್ರಿ?”

ನೋಡುತ್ತೇನೆಂದೆ. ಮೂಲೆ ಹೊಲಿಸಿದ್ದಕ್ಕೆ ಹಣ ಕೊಟ್ಟೆ. ಆಕೆ ಎಣಿಸಿ ತೆಗೆದುಕೊಂಡಳು. ಬಸ್ಸು ಹತ್ತಿ ಕೂತ ಮೇಲೆ ಓಣಿಯ ಮನೆಗಳನ್ನು ಮನಸ್ಸಿನಲ್ಲಿಯೇ ಒಂದೊಂದಾಗಿ ತಟ್ಟತೊಡಗಿದೆ. ಅವರು ಕೊಡಲಿಕ್ಕಿಲ್ಲ, ಇವರು ಬಾಯಲ್ಲಿ ಹೂಂ ಎಂದರೂ ಕೊಡಲಿಕ್ಕಿಲ್ಲ, ಮೂಲೆಯ ಮನೆಯವರು ಕೊಟ್ಟಾರು, ಆದರೆ ಅವರ ತಾಯಿ ಬಿಡಲಿಕ್ಕಿಲ್ಲ. ಹೀಗೆ ಊರವರ ಜಾತಿಬುದ್ಧಿಯನ್ನು ಅಳೆಯುತ್ತ ಅಳೆಯುತ್ತ ನಮ್ಮ ಮನೆಯ ಮುಂದೆ ಬಂದು ನಿಂತೆ. ಆಗ ತಲೆ ಎತ್ತಿ ನೋಡಿದೆ. ನಮ್ಮ ಮಾಳಿಗೆಯ ಮೇಲಿನ ಖೋಲಿಗೆ ಬೀಗ ಹಾಕಿತ್ತು. ಅಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಹೋಗಿ ಮೂರು ತಿಂಗಳಾಗಿತ್ತು. ‘ನಮ್ಮವರು ಯಾರಾದರೂ ಸಿಕ್ಕಾರು’ ಎಂದು ಕಾಯುತ್ತಿದ್ದವನು ನಾನೇ.

ಎರಡು ಹರದಾರಿಯ ದಾರಿಯಲ್ಲಿ ಈ ಒಂದು ಖೋಲಿ ಮಾತ್ರ ನನಗೆ ನೆನಪಾಗಿರಲಿಲ್ಲ!

ರಾತ್ರಿ ನನ್ನಾಕೆಗೆ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. “ಅತ್ತೆಯವರಿಗೆ ಯಾರು ಹೇಳೋರು?” ಎಂದಳು. ಇಬ್ಬರಿಗೂ ಧೈರ್ಯವಿರಲಿಲ್ಲ. ಮರುದಿನ ನಾನೇ ಹೇಳಿದೆ. ಅವ್ವ ಬತ್ತಿಯ ತಟ್ಟೆಯನ್ನು ಬದಿಗಿಟ್ಟು ನೀರಿನ ಮನೆಯ ಕಡೆ, ಅಡಿಗೆಯ ಮನೆಯ ಕಡೆ, ಮಾಳಿಗೆಯ ಮೆಟ್ಟಿಲ ಕಡೆ ನೋಡಿದಳು. “ನಾ ಏನರೆ ಅಂದ್ರ ಬಿಡಾವ್ರಿದ್ದೀರೇನು?” ಎಂದಳು. ಒಪ್ಪಿಗೆಯೋ ಸಿಟ್ಟೋ ತಿಳಿಯಲಿಲ್ಲ. ಬಹುಶಃ ಎರಡೂ ಇದ್ದವು. ಎದುರು ಮನೆಯವರು ಒಂದು ತಿಂಗಳು ನಮ್ಮೊಡನೆ ಮಾತು ಕಡಿಮೆ ಮಾಡಿದರು. ಒಬ್ಬರು ದಾರಿಯಲ್ಲಿ ನಿಲ್ಲಿಸಿ, “ಮಾಸ್ತರು ಪುಸ್ತಕ ಬಹಳ ಓದ್ತೀರಿ” ಎಂದರು.

ಹುಡುಗಿ ಒಂದು ಟ್ರಂಕು, ಒಂದು ಒಲೆ, ಎರಡು ಕೌದಿ ತೆಗೆದುಕೊಂಡು ಬಂದಳು. ಮೊದಲ ದಿನ ನನ್ನಾಕೆ ಅದೇ ಹಿತ್ತಾಳೆಯ ತಂಬಿಗೆಯಲ್ಲಿ ನೀರು ಕೊಟ್ಟಳು. ಅವಳಿಗೆ ಆ ತಂಬಿಗೆಯ ಕತೆ ಗೊತ್ತಿರಲಿಲ್ಲ. ನೀರು ಕುಡಿದು, “ಥ್ಯಾಂಕ್ಸ್ ಆಂಟಿ” ಎಂದು ಮೆಟ್ಟಿಲು ಹತ್ತಿ ಹೋದಳು. ಅಷ್ಟು ಸುಲಭ ಅದು. ಅಷ್ಟು ಸುಲಭವಾದದ್ದಕ್ಕೆ ನಮಗೆ ಮೂವತ್ತೈದು ವರ್ಷ ಹಿಡಿಯಿತು. ಇದನ್ನು ಹೆಮ್ಮೆಯಿಂದ ಹೇಳುವ ಹಾಗಿಲ್ಲ. ಒಂದು ಖೋಲಿ ಬಾಡಿಗೆಗೆ ಕೊಟ್ಟವನು ಬಾಡಿಗೆ ತೆಗೆದುಕೊಳ್ಳುತ್ತಾನೆ, ದಾನವನ್ನೇನೂ ಮಾಡುವುದಿಲ್ಲ.

ಅವ್ವ ಎರಡು ವಾರ ಅವಳೊಡನೆ ಮಾತಾಡಲಿಲ್ಲ. ಮೂರನೆಯ ವಾರ, ಹುಡುಗಿ ರಾತ್ರಿ ಪಾಳಿ ಮುಗಿಸಿ ಬರುವುದನ್ನು ಕಾದು ಕೂತಿದ್ದು, “ಏ ತಂಗಿ, ನನಗ ತಲಿ ತಿರಗ್ತದ, ರಕ್ತದೊತ್ತಡ ನೋಡ್ತೀಯೇನು?” ಎಂದು ಕೂಗಿದಳು. ಹುಡುಗಿ ಪಟ್ಟಿಯನ್ನು ಅವ್ವನ ತೋಳಿಗೆ ಸುತ್ತಿದಳು. ಆ ತೋಳನ್ನು ಅವಳ ಅಜ್ಜಿ ಎಂದೂ ಮುಟ್ಟಿರಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡು ಕೂತಿದ್ದಳು. “ಸ್ವಲ್ಪ ಜಾಸ್ತಿ ಅದ ಅಜ್ಜಿ. ಉಪ್ಪಿನಕಾಯಿ ಕಡಿಮಿ ಮಾಡ್ರಿ” ಎಂದಳು ಹುಡುಗಿ. ಅವ್ವ ಆ ಮಾತನ್ನು ಮಾತ್ರ ಇನ್ನೂ ಒಪ್ಪಿಲ್ಲ.

ಈ ಸಲದ ಚಳಿಗೆ ಆಯಿಯ ಕೌದಿಯನ್ನು ನಾನೇ ಹೊದೆದುಕೊಂಡೆ. ಸೊಸೆ ಹೊಲಿದ ಮೂಲೆ ಕೈಗೆ ದಪ್ಪಗೆ ಹತ್ತಿತು. ಹಿಸುಕಿ ನೋಡಿದೆ, ಒಳಗೆ ಏನೋ ಗಟ್ಟಿಯಾಗಿತ್ತು. ನಾನು ಚಹಾ ಕುಡಿಯುತ್ತಿದ್ದಾಗ ಆಕೆ ಯಾವಾಗಲೋ ತನ್ನ ಮನೆಯ ರೊಟ್ಟಿಯ ತುಣುಕೊಂದನ್ನು ಅದರೊಳಗೆ ಇಟ್ಟಿದ್ದಳು.